ಕಾಶಿಯಲ್ಲಿ ಅಚ್ಚಾದ ಎರಡು ವೇದಗಣಿತ

1965ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯ ‘ವೇದಿಕ್ ಮ್ಯಾಥಮ್ಯಾಟಿಕ್ಸ್’ ಎಂಬ ಇಂಗ್ಲಿಷ್ ಪುಸ್ತಕವೊಂದನ್ನು ಹೊರತಂದಿತು. ಬರೆದವರು ಪುರಿಯ ಗೋವರ್ಧನ ಮಠದ ಶಂಕರಾಚಾರ್ಯರಾಗಿದ್ದ ಭಾರತೀಕೃಷ್ಣ ತೀರ್ಥರು. ಪುಸ್ತಕ ಬರುವ ಹೊತ್ತಿಗೆ ಅವರು ತೀರಿಕೊಂಡು ಐದು ವರ್ಷವಾಗಿತ್ತು. ಹದಿನಾರು ಸೂತ್ರ, ಹದಿಮೂರು ಉಪಸೂತ್ರ. ಇವುಗಳ ಬಲದಿಂದ ಗುಣಾಕಾರ, ಭಾಗಾಕಾರ, ವರ್ಗಮೂಲ, ಸಮೀಕರಣ ಎಲ್ಲವನ್ನೂ ಚಿಟಿಕೆ ಹೊಡೆಯುವುದರಲ್ಲಿ ಬಿಡಿಸಬಹುದು, ಈ ಸೂತ್ರಗಳು ಇರುವುದು ಅಥರ್ವವೇದದ ಪರಿಶಿಷ್ಟದಲ್ಲಿ ಎಂಬುದು ಪುಸ್ತಕದ ಮಾತು. ಇವತ್ತು ಕರ್ನಾಟಕದ ಸಣ್ಣ ಊರುಗಳ ಟ್ಯೂಷನ್ ಬೋರ್ಡುಗಳಲ್ಲೂ ಕಾಣುವ ‘ವೇದಗಣಿತ’ದ ಮೂಲ ಈ ಒಂದೇ ಪುಸ್ತಕ. ಅದಕ್ಕಿಂತ ಹಿಂದೆ ಹೋದರೆ ಆ ಸೂತ್ರಗಳು ಯಾವ ಹಸ್ತಪ್ರತಿಯಲ್ಲೂ ಸಿಕ್ಕುವುದಿಲ್ಲ.

ಅದೇ ಊರಿನಲ್ಲಿ ಅದಕ್ಕೂ ತೊಂಬತ್ತು ವರ್ಷ ಹಿಂದೆ ಇನ್ನೊಂದು ವೇದಗಣಿತ ಅಚ್ಚಾಗಿತ್ತು. ಅದಕ್ಕೆ ಹಸ್ತಪ್ರತಿ ಇತ್ತು, ವ್ಯಾಖ್ಯಾನವಿತ್ತು, ವೇದದ ಯಜ್ಞಕರ್ಮದೊಡನೆ ಬಿಡಿಸಲಾಗದ ಸಂಬಂಧವಿತ್ತು. ಅದರ ಹೆಸರು ಕೇಳಿದವರು ಬಹಳ ಕಡಿಮೆ. ಒಂದು ವಿದ್ಯೆಯನ್ನೇ ಬದುಕಾಗಿಸಿಕೊಂಡವರು ತಮ್ಮ ಕ್ಷೇತ್ರದಲ್ಲಿ ಹುಸಿ ಮಾತೊಂದು ಬೇರು ಬಿಟ್ಟಾಗ ಏನು ಮಾಡುತ್ತಾರೆ, ಯಾವಾಗ ಮಾಡುತ್ತಾರೆ, ಎಷ್ಟು ತಡಮಾಡುತ್ತಾರೆ ಎಂಬುದಕ್ಕೆ ಕಾಶಿಯ ಈ ಎರಡು ಪುಸ್ತಕಗಳ ಕಥೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೊದಲು ಸ್ವಾಮೀಜಿಯ ವಿಚಾರ. 1884ರಲ್ಲಿ ತಮಿಳುನಾಡಿನ ತಿರುನೆಲ್ವೇಲಿಯಲ್ಲಿ ಹುಟ್ಟಿದ ವೆಂಕಟರಾಮನ್ ಓದಿನಲ್ಲಿ ಅಸಾಧಾರಣ ಚುರುಕು. ಇಪ್ಪತ್ತರ ವಯಸ್ಸಿಗೇ ಹಲವು ವಿಷಯಗಳಲ್ಲಿ ಎಂ.ಎ. ಮುಗಿಸಿದವರು. ಗೋಪಾಲಕೃಷ್ಣ ಗೋಖಲೆಯವರ ಜೊತೆ ಕೆಲಸ ಮಾಡಿದರು, ರಾಜಮಹೇಂದ್ರಿಯ ರಾಷ್ಟ್ರೀಯ ಕಾಲೇಜಿಗೆ ಪ್ರಾಂಶುಪಾಲರಾದರು. ಆಮೇಲೆ ಅವರನ್ನು ಸೆಳೆದದ್ದು ನಮ್ಮ ಶೃಂಗೇರಿ. ಶಾರದಾಪೀಠದ ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತೀ ಸ್ವಾಮಿಗಳ ಬಳಿಗೆ ಬಂದು ವೇದಾಂತ ಓದಿದರು. 1911ರಿಂದ 1919ರವರೆಗೆ ಶೃಂಗೇರಿಯ ಸುತ್ತಲ ಕಾಡಿನಲ್ಲಿ ಏಕಾಂತದ ಸಾಧನೆ ನಡೆಸಿದರು; ಗಣಿತದ ಸೂತ್ರಗಳು ಹೊಳೆದದ್ದು ಆ ಎಂಟು ವರ್ಷಗಳಲ್ಲಿ ಎಂದು ಅವರ ಶಿಷ್ಯರು ಬರೆದಿದ್ದಾರೆ. 1919ರ ಜುಲೈಯಲ್ಲಿ ಕಾಶಿಯಲ್ಲಿ ಸಂನ್ಯಾಸ ತೆಗೆದುಕೊಂಡರು. 1921ರಲ್ಲಿ ಕರಾಚಿಯಲ್ಲಿ ಅಲಿ ಸಹೋದರರ ಮೇಲೆ ಬ್ರಿಟಿಷ್ ಸರ್ಕಾರ ಹೂಡಿದ ಪ್ರಸಿದ್ಧ ಮೊಕದ್ದಮೆಯಲ್ಲಿ ಇವರೂ ಆರೋಪಿ. 1925ರಲ್ಲಿ ಪುರಿಯ ಪೀಠವೇರಿದರು. 1958ರಲ್ಲಿ ಅಮೆರಿಕಕ್ಕೆ ಹೋಗಿ ಉಪನ್ಯಾಸ ಕೊಟ್ಟುಬಂದರು. ಇದು ಮೋಸಗಾರನೊಬ್ಬನ ಜೀವನಚರಿತ್ರೆಯಲ್ಲ. ವಿದ್ವತ್ತು, ದೇಶಪ್ರೇಮ, ವೈರಾಗ್ಯ ಮೂರೂ ಇದ್ದ ಹಿರಿಯರೊಬ್ಬರ ಬದುಕು. ಸಮಸ್ಯೆ ಇರುವುದು ಪುಸ್ತಕದ ಹೆಸರಿನಲ್ಲಿ ಮತ್ತು ಆ ಹೆಸರಿನ ಮೇಲೆ ಇತರರು ಕಟ್ಟಿದ ಗೋಪುರದಲ್ಲಿ.

ಪುಸ್ತಕದ ಒಳಗೆ ಏನಿದೆ ಎಂದು ಒಂದು ಲೆಕ್ಕದಿಂದ ನೋಡೋಣ. ಒಂದನ್ನು ಹತ್ತೊಂಬತ್ತರಿಂದ ಭಾಗಿಸಬೇಕು. ಶಾಲೆಯ ದಾರಿಯಲ್ಲಿ ಹೋದರೆ ಹತ್ತೊಂಬತ್ತರ ಮಗ್ಗಿ ಹೇಳಿಕೊಂಡು ಪುಟ ತುಂಬಿಸಬೇಕು. ಸ್ವಾಮೀಜಿಯ ‘ಏಕಾಧಿಕೇನ ಪೂರ್ವೇಣ’ ಸೂತ್ರ ಬೇರೆ ದಾರಿ ತೋರಿಸುತ್ತದೆ. ಹತ್ತೊಂಬತ್ತರಲ್ಲಿ ಒಂಬತ್ತರ ಹಿಂದಿನ ಅಂಕಿ 1. ಅದಕ್ಕೆ ಒಂದು ಸೇರಿಸಿದರೆ 2. ಬಲತುದಿಯಲ್ಲಿ 1 ಬರೆದುಕೊಂಡು ಎಡಕ್ಕೆ ಸಾಗುತ್ತ ಎರಡರಿಂದ ಗುಣಿಸುತ್ತ ಹೋಗಬೇಕು: 1, 2, 4, 8, ಆಮೇಲೆ 16, ಅದರ 6 ಬರೆದು ಕೈಯಲ್ಲಿ 1. ಆರೆರಡ್ಲ ಹನ್ನೆರಡು, ಕೈಯಲ್ಲಿದ್ದ ಒಂದು ಸೇರಿ 13. 3 ಬರೆದು ಕೈಯಲ್ಲಿ 1. ಹೀಗೆ ಹದಿನೆಂಟು ಅಂಕಿ ಬರೆಯುವಷ್ಟರಲ್ಲಿ ಉತ್ತರ ಸಿದ್ಧ: 0.052631578947368421, ಮುಂದೆ ಇದೇ ಸಾಲಿನ ಆವರ್ತನೆ. ಮೊದಲ ಸಲ ನೋಡಿದ ಮಗು ಕಣ್ಣರಳಿಸುತ್ತದೆ, ಅರಳಿಸಬೇಕು ಕೂಡ. ಹತ್ತೊಂಬತ್ತು ಎಂದರೆ ಎರಡು ಹತ್ತರಲ್ಲಿ ಒಂದು ಕಡಿಮೆ. ಲೆಕ್ಕ ಫಲಿಸುವುದು ಆ ಕಾರಣದಿಂದ. ಹೈಸ್ಕೂಲಿನ ಬೀಜಗಣಿತ ಬಲ್ಲವರು ಇದನ್ನು ಅರ್ಧ ಗಂಟೆಯಲ್ಲಿ ಸಾಧಿಸಿ ತೋರಿಸಬಹುದು.

ಆದರೆ ಇದು ವೇದದಲ್ಲಿ ಇರಲಾರದು. ಅಪೂರ್ಣಾಂಕವನ್ನು ಬಿಂದುವಿನ ಬಲಗಡೆ ದಶಮಾಂಶವಾಗಿ ಬರೆಯುವ ಕ್ರಮವೇ ವೇದಕಾಲಕ್ಕೆ ಬಹಳ ಈಚಿನದು. ಯಜುರ್ವೇದದಲ್ಲಿ ಏಕ, ದಶ, ಶತ ಎಂದು ಹೊರಟು ಪರಾರ್ಧದವರೆಗೆ ಹತ್ತರ ಘಾತಗಳಿಗೆ ಹೆಸರುಗಳಿವೆ. ಅದು ದೊಡ್ಡ ಸಂಗತಿ. ದಶಮಾಂಶ ಭಿನ್ನದ ಸುಳಿವು ಅಲ್ಲಿ ಇಲ್ಲ. ಸೂತ್ರಗಳ ಸಂಸ್ಕೃತವೂ ವೈದಿಕ ಸಂಸ್ಕೃತವಲ್ಲ.

ಇದನ್ನು ಮೊದಲು ಒಪ್ಪಿಕೊಂಡದ್ದು ಆ ಪುಸ್ತಕವೇ! ಅದು ಬಂದ ಗ್ರಂಥಮಾಲೆಯ ಪ್ರಧಾನ ಸಂಪಾದಕರಾಗಿದ್ದವರು ವಾಸುದೇವ ಶರಣ ಅಗ್ರವಾಲ. ಪಾಣಿನಿಯ ವ್ಯಾಕರಣದಿಂದ ಆ ಕಾಲದ ಭಾರತವನ್ನೇ ಪುನಾರಚಿಸಿ ತೋರಿಸಿದ ಮಹಾ ವಿದ್ವಾಂಸರು. ಹಸ್ತಪ್ರತಿ ಎಂದರೇನು, ಪಾಠ ಎಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುನ್ನುಡಿಯಲ್ಲಿ ಅವರು ಮುಚ್ಚುಮರೆಯಿಲ್ಲದೆ ಬರೆದರು: ಈ ಸೂತ್ರಗಳು ಅಥರ್ವವೇದದ ತಿಳಿದಿರುವ ಯಾವ ಪರಿಶಿಷ್ಟದಲ್ಲೂ ಕಾಣುವುದಿಲ್ಲ, ಭಾಷಾಶೈಲಿ ನೋಡಿದರೆ ಸ್ವಾಮೀಜಿಯವರೇ ಕಂಡುಕೊಂಡವು ಎನಿಸುತ್ತದೆ, ಈ ಕೃತಿಯನ್ನೇ ಹೊಸದೊಂದು ಪರಿಶಿಷ್ಟ ಎಂದು ಎಣಿಸಬೇಕು. ಸ್ವಾಮೀಜಿಯ ಪೀಠಿಕೆಯಲ್ಲೂ ವೇದ ಎಂದರೆ ಸಕಲ ಜ್ಞಾನದ ನಿಧಿ ಎಂಬ ವಿಶಾಲ ಅರ್ಥವೇ ಇದೆ. ಅಂದರೆ ಎಚ್ಚರಿಕೆ ಮೊದಲ ಪುಟಗಳಲ್ಲೇ ಅಚ್ಚಾಗಿತ್ತು. ಮುನ್ನುಡಿ ಓದುವವರು ಕಡಿಮೆ, ಮುಖಪುಟ ಎಲ್ಲರೂ ನೋಡುತ್ತಾರೆ. ಅಗ್ರವಾಲರು ಆ ಮಾತನ್ನು ಮುಖಪುಟದ ಹೆಸರಿಗೇ ತಂದಿದ್ದರೆ ಮುಂದಿನ ಅರ್ಧ ಶತಮಾನದ ಗೊಂದಲದ ಬಹುಪಾಲು ತಪ್ಪುತ್ತಿತ್ತು.

ಪುಸ್ತಕಕ್ಕೂ ಹದಿನೈದು ವರ್ಷ ಮುಂಚೆ, 1950ರಲ್ಲಿ, ಸ್ವಾಮೀಜಿ ಲಖನೌಗೆ ಬಂದು ತಮ್ಮ ಗಣಿತವನ್ನು ತೋರಿಸಿಕೊಟ್ಟಿದ್ದರು. ಕೇಳಲು ಬಂದವರಲ್ಲಿ ಮೂವತ್ತರ ಆಸುಪಾಸಿನ ಕೃಪಾಶಂಕರ ಶುಕ್ಲ ಇದ್ದರು. ಲಖನೌ ವಿಶ್ವವಿದ್ಯಾಲಯದಲ್ಲಿ ಗಣಿತದ ಮೇಷ್ಟ್ರು. ಪ್ರಾಚೀನ ಗಣಿತಗ್ರಂಥಗಳ ಸಂಪಾದನೆಗೆ ಆಗಷ್ಟೇ ಕೈ ಹಾಕಿದ್ದವರು. ಅವರು ಬರಿಗೈಯಲ್ಲಿ ಬಂದಿರಲಿಲ್ಲ. ಬೋಲಿಂಗ್ ಮತ್ತು ನೆಗೆಲೈನ್ ಎಂಬ ಇಬ್ಬರು ವಿದ್ವಾಂಸರು ಹಲವು ಹಸ್ತಪ್ರತಿಗಳನ್ನು ಹೋಲಿಸಿ ಲೈಪ್‌ಜಿಗ್‌ನಲ್ಲಿ 1909–10ರಲ್ಲಿ ಅಚ್ಚು ಮಾಡಿಸಿದ ಅಥರ್ವವೇದ ಪರಿಶಿಷ್ಟಗಳ ಪುಸ್ತಕ ಅವರ ಕೈಯಲ್ಲಿತ್ತು. ಅದನ್ನು ಸ್ವಾಮೀಜಿಯ ಮುಂದಿಟ್ಟು, ಈ ಹದಿನಾರು ಸೂತ್ರಗಳು ಇದರಲ್ಲಿ ಎಲ್ಲಿವೆ, ತೋರಿಸಿಕೊಡಬೇಕು ಎಂದು ವಿನಂತಿಸಿದರು. ಸ್ವಾಮೀಜಿ ಪುಸ್ತಕವನ್ನು ಮುಟ್ಟಲಿಲ್ಲ. ಅವು ತಮ್ಮ ಪರಿಶಿಷ್ಟದಲ್ಲಿವೆ, ಬೇರೆ ಯಾವುದರಲ್ಲೂ ಇಲ್ಲ ಎಂದುಬಿಟ್ಟರು.

ವೃತ್ತಿಯವನೊಬ್ಬ ಹೇಗೆ ಪ್ರಶ್ನಿಸಬೇಕು ಎಂಬುದಕ್ಕೆ ಆ ಗಳಿಗೆ ಮಾದರಿ. ಶುಕ್ಲರು ಕೂಗಾಡಲಿಲ್ಲ, ಗೇಲಿ ಮಾಡಲಿಲ್ಲ, ಸಂನ್ಯಾಸಿಯ ಗೌರವಕ್ಕೆ ಕುಂದು ತರಲಿಲ್ಲ. ಆಧಾರ ಎಲ್ಲಿ ಎಂದಷ್ಟೇ ಕೇಳಿದರು. ಆದರೆ ಅಲ್ಲಿಂದ ಮನೆಗೆ ಹೋಗಿ ತಮ್ಮ ಕೆಲಸ ನೋಡಿಕೊಂಡರು. ಶ್ರೀಧರನ ಪಾಟೀಗಣಿತ (1959), ಒಂದನೆಯ ಭಾಸ್ಕರನ ಮಹಾಭಾಸ್ಕರೀಯ (1960), ಲಘುಭಾಸ್ಕರೀಯ (1963), ಆರ್ಯಭಟೀಯ (1976) – ಒಂದೊಂದೂ ವರ್ಷಗಟ್ಟಲೆ ದುಡಿದು ಶುದ್ಧಗೊಳಿಸಿದ ಗ್ರಂಥ. ವೇದಗಣಿತದ ಹೆಸರೇ ದಾರಿತಪ್ಪಿಸುವಂಥದು ಎಂದು ಅವರು ವಿಸ್ತಾರವಾಗಿ ಬರೆದು ಪ್ರಕಟಿಸಿದ್ದು 1980ರ ದಶಕದ ಕೊನೆಯಲ್ಲಿ, ಪ್ರಶ್ನೆ ಕೇಳಿ ಮೂವತ್ತೈದು ವರ್ಷ ದಾಟಿದ ಮೇಲೆ. ಅಷ್ಟರಲ್ಲಿ ಪುಸ್ತಕ ಮತ್ತೆ ಮತ್ತೆ ಅಚ್ಚಾಗಿ ದೇಶ ದಾಟಿಹೋಗಿತ್ತು. ಒಳ್ಳೆಯ ವಿದ್ವಾಂಸರ ಈ ತಡ ಅರ್ಥವಾಗುವಂಥದು: ಹುಸಿಯನ್ನು ಅಲ್ಲಗಳೆಯಲು ಹೋದರೆ ತಮ್ಮ ನಿಜವಾದ ಕೆಲಸ ಕೆಡುತ್ತದೆ. ಅರ್ಥವಾದರೂ, ಅದರ ಬೆಲೆ ತೆತ್ತವರು ಶಾಲೆಯ ಮಕ್ಕಳು.

ಕಾಶಿಗೆ ಇಂಥ ಹುಸಿಯ ಪೆಟ್ಟು ಹೊಸದಾಗಿರಲಿಲ್ಲ. 1788ರ ಸುಮಾರಿಗೆ ಫ್ರಾನ್ಸಿಸ್ ವಿಲ್ಫರ್ಡ್ ಎಂಬ ಸೈನ್ಯದ ಅಧಿಕಾರಿ ಇಲ್ಲಿಗೆ ಬಂದು ನೆಲೆಸಿದ. ಈಜಿಪ್ಟು, ನೈಲ್ ನದಿ, ಬ್ರಿಟನ್ನಿನ ದ್ವೀಪಗಳೆಲ್ಲ ನಮ್ಮ ಪುರಾಣಗಳಲ್ಲಿ ಬರುತ್ತವೆ ಎಂಬುದು ಅವನ ಗಾಢ ನಂಬಿಕೆ. ಪುರಾಣಗಳಿಂದ ಅಂಥ ಭಾಗಗಳನ್ನು ಆರಿಸಿಕೊಡಲು ಪಂಡಿತರೊಬ್ಬರನ್ನು ಸಂಬಳಕ್ಕಿಟ್ಟುಕೊಂಡ. ಯಜಮಾನನಿಗೆ ಬೇಕಾದದ್ದು ಏನೆಂದು ಪಂಡಿತರಿಗೆ ಗೊತ್ತಾಯಿತು. ಅದು ಪುರಾಣದಲ್ಲಿ ಸಿಕ್ಕದೆ ಹೋದಾಗ ಹೆಸರುಗಳನ್ನು ತಿದ್ದಿದರು, ಹಾಳೆಗಳನ್ನು ಬದಲಿಸಿದರು, ಸಾವಿರಾರು ಶ್ಲೋಕಗಳನ್ನು ತಾವೇ ಕಟ್ಟಿ ಸೇರಿಸಿದರು. 1792ರ ‘ಏಷ್ಯಾಟಿಕ್ ರಿಸರ್ಚಸ್’ ಸಂಪುಟದಲ್ಲಿ ವಿಲ್ಫರ್ಡನ ದೀರ್ಘ ಲೇಖನ ಬಂದಾಗ ವಿಲಿಯಂ ಜೋನ್ಸ್‌ನಂಥ ಪಂಡಿತನೇ ಅದನ್ನು ಮೆಚ್ಚಿ ಬರೆದ. ಮುಂದೆ ವಿಲ್ಫರ್ಡ್ ತಾನೇ ಹಸ್ತಪ್ರತಿಗಳನ್ನು ಕೂಲಂಕಷವಾಗಿ ಪರಿಶೀಲಿಸಿದಾಗ ಕೃತ್ರಿಮ ಬಯಲಾಯಿತು. ಅವನು 1805ರಲ್ಲಿ ಅದೇ ಪತ್ರಿಕೆಯಲ್ಲಿ ನಡೆದದ್ದನ್ನೆಲ್ಲ ಬಿಚ್ಚಿ ಬರೆದು ಒಪ್ಪಿಕೊಂಡ. ಆದರೂ 1863ರಲ್ಲಿ, ನೈಲ್ ನದಿಯ ಮೂಲ ಹುಡುಕಿಬಂದ ಜಾನ್ ಸ್ಪೀಕ್ ತನ್ನ ಪ್ರವಾಸಕಥನದಲ್ಲಿ ವಿಲ್ಫರ್ಡನ ಆ ಹಳೆಯ ‘ಪುರಾಣದ ನಕ್ಷೆ’ಯನ್ನು ಪುರಾವೆಯೆಂಬಂತೆ ಸೇರಿಸಿದ್ದ. ತಪ್ಪೊಪ್ಪಿಗೆ ಅಚ್ಚಾಗಿ ಆಗ ಐವತ್ತೆಂಟು ವರ್ಷವಾಗಿತ್ತು.

ಈ ಘಟನೆಯ ಕೆಟ್ಟ ಫಲವನ್ನು ಉಂಡವರು ಪ್ರಾಮಾಣಿಕ ಪಂಡಿತರು. ಭಾರತೀಯರು ತಮ್ಮ ಶಾಸ್ತ್ರಗಳ ಬಗ್ಗೆ ಏನು ಹೇಳಿದರೂ ಅನುಮಾನದಿಂದ ನೋಡುವುದು ಯುರೋಪಿನಲ್ಲಿ ರೂಢಿಯಾಯಿತು. 1817ರಲ್ಲಿ ಜೇಮ್ಸ್ ಮಿಲ್ ಬರೆದ ಭಾರತದ ಇತಿಹಾಸದಲ್ಲಿ ಹಿಂದೂ ಗಣಿತ, ಜ್ಯೋತಿಷಗಳಿಗೆ ಹೇಳಿಕೊಳ್ಳುವಂಥ ಸ್ಥಾನವೇ ಇಲ್ಲ.

ಇದಕ್ಕೆ ಉತ್ತರ ಕೊಟ್ಟವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವರು ಬಾಪುದೇವ ಶಾಸ್ತ್ರಿ. ಪುಣೆಯಲ್ಲಿ 1821ರಲ್ಲಿ ಹುಟ್ಟಿ, ಸೀಹೋರಿನಲ್ಲಿ ಲ್ಯಾನ್ಸ್‌ಲಾಟ್ ವಿಲ್ಕಿನ್ಸನ್ ಬಳಿ ಸಿದ್ಧಾಂತ ಜ್ಯೋತಿಷವನ್ನೂ ಪಾಶ್ಚಾತ್ಯ ಗಣಿತವನ್ನೂ ಓದಿ, 1842ರಲ್ಲಿ ಕಾಶಿಯ ಸಂಸ್ಕೃತ ಕಾಲೇಜಿಗೆ ಅಧ್ಯಾಪಕರಾಗಿ ಬಂದವರು. ಆ ಕಾಲೇಜನ್ನು 1791ರಲ್ಲಿ ಜೋನಾಥನ್ ಡಂಕನ್ ಸ್ಥಾಪಿಸಿದ್ದ. ಇಂದಿನ ಸಂಪೂರ್ಣಾನಂದ ಸಂಸ್ಕೃತ ವಿಶ್ವವಿದ್ಯಾಲಯದ ಮೂಲ ಅದೇ. 1858ರಲ್ಲಿ ಬಾಪುದೇವರು ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ದೊಡ್ಡ ಮಾತೊಂದನ್ನು ಮುಂದಿಟ್ಟರು: ನ್ಯೂಟನ್ನಿಗೆ ಐನೂರು ವರ್ಷ ಹಿಂದೆ, 1150ರಲ್ಲಿ, ಭಾಸ್ಕರಾಚಾರ್ಯರಿಗೆ ಅವಕಲನದ (ಡಿಫರೆನ್ಶಿಯಲ್ ಕ್ಯಾಲ್ಕುಲಸ್) ತತ್ತ್ವ ಗೊತ್ತಿತ್ತು. ಈ ಮಾತು ಸ್ವಾಮೀಜಿಯ ಮಾತಿಗಿಂತ ಸಣ್ಣದೇನಲ್ಲ. ವ್ಯತ್ಯಾಸ ಇಷ್ಟೇ: ಬಾಪುದೇವರು ಭಾಸ್ಕರಾಚಾರ್ಯರ ಸಿದ್ಧಾಂತಶಿರೋಮಣಿಯ ಯಾವ ಅಧ್ಯಾಯ, ಯಾವ ಶ್ಲೋಕ ಎಂದು ತೋರಿಸಿದರು, ಗ್ರಹದ ತಾತ್ಕಾಲಿಕ ಗತಿಯನ್ನು ಭಾಸ್ಕರ ಹೇಗೆ ಲೆಕ್ಕ ಹಾಕಿದ, ಜ್ಯಾದ (ಸೈನ್) ಅಂತರವನ್ನು ಕೋಟಿಜ್ಯಾದೊಂದಿಗೆ (ಕೊಸೈನ್) ಹೇಗೆ ಹೊಂದಿಸಿದ ಎಂದು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿಟ್ಟರು.

ಲಂಡನ್ನಿನ ಗಣಿತಜ್ಞ ವಿಲಿಯಂ ಸ್ಪಾಟಿಸ್‌ವುಡ್ 1860ರಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಉತ್ತರಿಸಿದ. ಭಾಸ್ಕರನ ಸೂತ್ರ ಅವಕಲನವನ್ನು ಬಹಳ ಹೋಲುತ್ತದೆ ಎಂಬುದನ್ನು ಒಪ್ಪಿದ. ಆದರೆ ಅನಂತ ಸೂಕ್ಷ್ಮ ಪರಿಮಾಣದ ಕಲ್ಪನೆ ಅಲ್ಲಿ ಸ್ಪಷ್ಟವಾಗಿಲ್ಲ ಎಂದ. ಬಾಪುದೇವರು ಒಂದು ಹೆಜ್ಜೆ ಜಾಸ್ತಿ ಇಟ್ಟಿದ್ದಿರಬಹುದು, ಸ್ಪಾಟಿಸ್‌ವುಡ್ ಒಂದು ಹೆಜ್ಜೆ ಕಡಿಮೆ ಇಟ್ಟಿದ್ದಿರಬಹುದು. ಇಬ್ಬರೂ ನೋಡುತ್ತಿದ್ದ ಶ್ಲೋಕ ಮಾತ್ರ ಒಂದೇ, ಮೂರನೆಯವರು ಯಾರು ಬೇಕಾದರೂ ತೆಗೆದು ನೋಡಬಹುದಾದ ಶ್ಲೋಕ. ಇವತ್ತಿಗೂ ಗಣಿತದ ಚರಿತ್ರೆ ಬರೆಯುವವರು ಭಾಸ್ಕರನ ತಾತ್ಕಾಲಿಕ ಗತಿಯನ್ನು ಬಿಡದೆ ಚರ್ಚಿಸುತ್ತಾರೆ. ಗೌರವ ಸಂಪಾದನೆಯಾದದ್ದು ಹಾಗೆ.

ಬಾಪುದೇವರು ಕಲಿಸುತ್ತಿದ್ದ ಅದೇ ಕಾಲೇಜಿಗೆ 1875ರಲ್ಲಿ ಜಾರ್ಜ್ ಥೀಬೊ ಎಂಬ ಜರ್ಮನ್ ಅಧ್ಯಾಪಕ ಬಂದ. ಈ ಲೇಖನದ ಮೊದಲಿಗೆ ಹೇಳಿದ ಇನ್ನೊಂದು ವೇದಗಣಿತ ಇವನು ಹೊರತಂದದ್ದು. ಕಾಶಿಯಲ್ಲಿ 1866ರಿಂದ ‘ಕಾಶೀವಿದ್ಯಾಸುಧಾನಿಧಿ’ ಅಥವಾ ‘ದಿ ಪಂಡಿತ್’ ಎಂಬ ಮಾಸಪತ್ರಿಕೆ ಬರುತ್ತಿತ್ತು. ಅದರಲ್ಲಿ ಥೀಬೊ ಬೌಧಾಯನ ಶುಲ್ಬಸೂತ್ರವನ್ನು ವ್ಯಾಖ್ಯಾನದ ಸಹಿತ, ಇಂಗ್ಲಿಷ್ ಅನುವಾದದೊಂದಿಗೆ ಕಂತು ಕಂತಾಗಿ ಪ್ರಕಟಿಸಿದ. ಶುಲ್ಬಗಳ ಬಗ್ಗೆ ಅವನ ಪ್ರಸಿದ್ಧ ಪ್ರಬಂಧ ಬಂದದ್ದೂ 1875ರಲ್ಲೇ.

ಶುಲ್ಬ ಎಂದರೆ ಹಗ್ಗ. ಯಜ್ಞವೇದಿ ಕಟ್ಟುವಾಗ ಗೂಟ ನೆಟ್ಟು ಹಗ್ಗ ಎಳೆದು ಗೆರೆ ಹಾಕುವ ವಿಧಾನವೇ ಈ ಸೂತ್ರಗಳ ವಿಷಯ. ಆಯತದ ಕರ್ಣದ ಮೇಲಿನ ಚೌಕ ಎರಡು ಬಾಹುಗಳ ಮೇಲಿನ ಚೌಕಗಳ ಮೊತ್ತಕ್ಕೆ ಸಮ ಎಂಬ ನಿಯಮವನ್ನು ಬೌಧಾಯನ ನೇರವಾಗಿ ಹೇಳುತ್ತಾನೆ. ಪೈಥಾಗೊರಸನ ಹೆಸರಿನಲ್ಲಿ ನಾವು ಓದುವ ಪ್ರಮೇಯ ಅದು. ಚೌಕದ ಬಾಹುವಿನಿಂದ ಕರ್ಣ ಪಡೆಯಲು ಅವನು ಕೊಡುವ ಕ್ರಮ ಹೀಗೆ: ಬಾಹುವಿಗೆ ಅದರ ಮೂರನೆಯ ಒಂದು ಭಾಗ ಸೇರಿಸು, ಆ ಭಾಗದ ನಾಲ್ಕನೆಯ ಒಂದನ್ನು ಸೇರಿಸು, ಅದರಿಂದ ಅದರದೇ ಮೂವತ್ತನಾಲ್ಕನೆಯ ಒಂದನ್ನು ಕಳೆ. ಲೆಕ್ಕ ಮಾಡಿದರೆ ಸಿಗುವುದು 1.4142157, ಎರಡರ ವರ್ಗಮೂಲದ ನಿಜಬೆಲೆ 1.4142136. ಮೂವತ್ತನಾಲ್ಕು ಎಲ್ಲಿಂದ ಬಂತು? ಬೌಧಾಯನನ ಅಳತೆಯಲ್ಲಿ ಒಂದು ಅಂಗುಲ ಎಂದರೆ ಮಗ್ಗುಲಿಗೆ ಮಗ್ಗುಲು ಇಟ್ಟ 34 ಎಳ್ಳುಕಾಳು. ಥೀಬೊ ಈ ಎರಡನ್ನೂ ಜೋಡಿಸಿ ನೋಡಿದ.

ಶ್ಯೇನಚಿತಿಯ ವಿವರ ಇನ್ನೂ ಸೊಗಸು. ರೆಕ್ಕೆ ಬಿಚ್ಚಿದ ಗಿಡುಗನ ಆಕಾರದ ವೇದಿ. ವಿಸ್ತೀರ್ಣ ಏಳೂವರೆ ಚದರ ಪುರುಷ; ಪುರುಷ ಎಂದರೆ ಆಗಿನ ಒಂದು ಉದ್ದಳತೆ. ಇಟ್ಟಿಗೆಯ ಐದು ಪದರ, ಪದರಕ್ಕೆ 200, ಒಟ್ಟು 1000. ಕೆಳಗಿನ ಪದರದ ಸಂದಿಯ ಮೇಲೆ ಮೇಲಿನ ಪದರದ ಸಂದಿ ಬೀಳಕೂಡದು. ಚೌಕ, ತ್ರಿಕೋನ, ವಾಲಿದ ಚತುರ್ಭುಜ ಹೀಗೆ ಬಗೆಬಗೆಯ ಇಟ್ಟಿಗೆಗಳನ್ನು ಸುಟ್ಟು, ವಿಸ್ತೀರ್ಣದಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗದಂತೆ ಹಕ್ಕಿಯನ್ನು ಕಟ್ಟಬೇಕು. ಅಂಥ ರೇಖಾಗಣಿತ ಬಲ್ಲ ಜನರಿಗೆ ಇಲ್ಲದ ದಶಮಾಂಶವನ್ನು ಅಂಟಿಸಿ ದೊಡ್ಡವರನ್ನಾಗಿ ಮಾಡುವ ಅಗತ್ಯವೇನಿದೆ?

ಥೀಬೊ ಕಾಶಿಯ ಸುಧಾಕರ ದ್ವಿವೇದಿಯವರ ಜೊತೆ ಸೇರಿ ವರಾಹಮಿಹಿರನ ಪಂಚಸಿದ್ಧಾಂತಿಕೆಯನ್ನು 1889ರಲ್ಲಿ ಹೊರತಂದ. ದ್ವಿವೇದಿಯವರು 1902ರಲ್ಲಿ ಬ್ರಹ್ಮಗುಪ್ತನ ಬ್ರಾಹ್ಮಸ್ಫುಟಸಿದ್ಧಾಂತವನ್ನು ಸಂಪಾದಿಸಿ ಕೊಟ್ಟರು. ಹೀಗೆ ಕಾಶಿಯ ಮುದ್ರಣಾಲಯಗಳಿಂದ ಒಂದೊಂದೇ ಮೂಲಗ್ರಂಥ ಹೊರಬರುತ್ತಿದ್ದಾಗ ಎದುರು ದಿಕ್ಕಿನಿಂದ ಹೊಸ ಹುಸಿ ಬಂತು. ಜಿ. ಆರ್. ಕೇ ಎಂಬ ಬ್ರಿಟಿಷ್ ಅಧಿಕಾರಿ 1915ರ ತನ್ನ ಪುಸ್ತಕದಲ್ಲಿ ಭಾರತೀಯರ ಗಣಿತದ ಸಾರವೆಲ್ಲ ಗ್ರೀಕರಿಂದ ಬಂದದ್ದು ಎಂಬಂತೆ ಬರೆದ. ವಿದೇಶದ ಚರಿತ್ರೆಕಾರರು ಅವನನ್ನೇ ಪ್ರಮಾಣವೆಂದು ಹಿಡಿದರು.

ಕಾಶಿಯಲ್ಲಿ 1918ರಲ್ಲಿ ಗಣಿತದ ಸಂಘ ಕಟ್ಟಿದ್ದ ಗಣೇಶ ಪ್ರಸಾದರು ಆ ಕಾಲದ ಹಿರಿಯ ಗಣಿತಜ್ಞರು. ಆಮೇಲೆ ಕಲ್ಕತ್ತಕ್ಕೆ ಪ್ರಾಧ್ಯಾಪಕರಾಗಿ ಹೋದರು. ಬಿಭೂತಿಭೂಷಣ ದತ್ತರಿಗೆ ಭಾರತೀಯ ಗಣಿತದ ಚರಿತ್ರೆ ಹುಡುಕಲು ಹುರಿದುಂಬಿಸಿದವರು ಅವರು. ದತ್ತರು ಕೇಯ ಒಂದೊಂದು ಮಾತನ್ನೂ ಮೂಲಕ್ಕೆ ಹಚ್ಚಿ ನೋಡಿ ಲೇಖನದ ಮೇಲೆ ಲೇಖನ ಬರೆದರು. 1932ರಲ್ಲಿ ಶುಲ್ಬಗಳ ಬಗ್ಗೆ ಅವರ ಪುಸ್ತಕ ಬಂತು. ಅವಧೇಶ ನಾರಾಯಣ ಸಿಂಗರ ಜೊತೆ ಸೇರಿ ಬರೆದ ‘ಹಿಂದೂ ಗಣಿತದ ಚರಿತ್ರೆ’ 1935 ಮತ್ತು 1938ರಲ್ಲಿ ಎರಡು ಭಾಗವಾಗಿ ಹೊರಬಂತು. ಸಿಂಗರು ಲಖನೌದಲ್ಲಿ ಕಟ್ಟಿದ ಸಂಶೋಧನೆಯನ್ನು ಮುಂದುವರಿಸಿದವರೇ ಕೃಪಾಶಂಕರ ಶುಕ್ಲ. ಅಚ್ಚಾಗದೆ ಉಳಿದಿದ್ದ ಮೂರನೆಯ ಭಾಗವನ್ನು ಪರಿಷ್ಕರಿಸಿ 1980ರಿಂದ ಪ್ರಕಟಿಸಿದವರೂ ಅವರೇ. 1950ರ ಆ ಪ್ರಶ್ನೆಯ ಹಿಂದೆ ಇಷ್ಟು ಉದ್ದದ ಗುರುಪರಂಪರೆ ಇತ್ತು.

ದತ್ತರ ಬದುಕಿನ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಅವರೂ ಕೊನೆಗೆ ಸಂನ್ಯಾಸಿಯಾದರು. ಕಲ್ಕತ್ತದ ಕೆಲಸ ಬಿಟ್ಟು, ಸ್ವಾಮಿ ವಿದ್ಯಾರಣ್ಯ ಎಂಬ ಹೆಸರಿನಿಂದ ಪುಷ್ಕರದಲ್ಲಿ ನೆಲೆಸಿ, 1958ರಲ್ಲಿ ತೀರಿಕೊಂಡರು. ಗಣಿತದ ಮೂಲಗಳನ್ನು ಒರೆಗೆ ಹಚ್ಚುವವರು ಧರ್ಮದ ವಿರೋಧಿಗಳು ಎಂದು ಬೈಯುವವರು ದತ್ತರ ಚರಿತ್ರೆಯನ್ನು ಒಮ್ಮೆ ಓದಬೇಕು.

ಸ್ವಾಮೀಜಿಯ ಪುಸ್ತಕ ಮನೆಗಳಲ್ಲಿ ಕುತೂಹಲದ ವಸ್ತುವಾಗಿ ಉಳಿದಿದ್ದರೆ ತೊಂದರೆ ಇರಲಿಲ್ಲ. 1990ರ ದಶಕದ ಆರಂಭದಲ್ಲಿ ಉತ್ತರಪ್ರದೇಶದ ಶಾಲೆಗಳ ಪಠ್ಯದೊಳಗೆ ವೇದಗಣಿತವನ್ನು ತರಲಾಯಿತು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗಣಿತಜ್ಞ ಎಸ್. ಜಿ. ದಾನಿಯವರು 1993ರಲ್ಲಿ ‘ಫ್ರಂಟ್‌ಲೈನ್’ ಪತ್ರಿಕೆಯಲ್ಲಿ ಎರಡು ಕಂತುಗಳಲ್ಲಿ ಬರೆದು, ಇದು ವೇದದ್ದೂ ಅಲ್ಲ, ಗಣಿತವೆಂದು ಕರೆಯುವಷ್ಟು ಆಳದ್ದೂ ಅಲ್ಲ ಎಂದು ಸಾಮಾನ್ಯ ಓದುಗರಿಗೆ ಅರ್ಥವಾಗುವಂತೆ ವಿವರಿಸಿದರು. ರಾಷ್ಟ್ರಮಟ್ಟದ ಪಠ್ಯಕ್ಕೆ ಅದನ್ನು ಸೇರಿಸುವ ಮಾತು ಬಂದಾಗ, 2001ರಲ್ಲಿ, ನೂರಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ವಿದ್ವಾಂಸರು ಸಹಿ ಹಾಕಿ ವಿರೋಧಿಸಿದರು. ಚುರುಕು ಲೆಕ್ಕದ ಉಪಾಯಗಳಲ್ಲಿ ಮಕ್ಕಳನ್ನು ಮುಳುಗಿಸಿದರೆ ಲೆಕ್ಕ ಯಾಕೆ ಹಾಗೆ ಬರುತ್ತದೆ ಎಂಬ ಪ್ರಶ್ನೆಯೇ ಸತ್ತುಹೋಗುತ್ತದೆ ಎಂಬ ಅವರ ಆತಂಕ ನ್ಯಾಯವಾದದ್ದು.

ಕರ್ನಾಟಕ ಇಂಥದೇ ಸನ್ನಿವೇಶವನ್ನು ಬೇರೆ ರೀತಿಯಲ್ಲಿ ಎದುರಿಸಿದೆ, ಅದೂ ತಡಮಾಡದೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಭರದ್ವಾಜ ಮಹರ್ಷಿಯದೆಂದು ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ ಮೈಸೂರಿನ ಜಿ. ಆರ್. ಜೋಸ್ಯರ ಇಂಗ್ಲಿಷ್ ಅನುವಾದದೊಂದಿಗೆ 1973ರಲ್ಲಿ ಹೊರಬಂತು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು – ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು, ಎಸ್. ಪಿ. ಗೋವಿಂದರಾಜು – ಅದನ್ನು ಪರೀಕ್ಷಿಸಿ ಬರೆದರು. ಕೋಣೆಯಲ್ಲಿ ಕೂತು ತಳ್ಳಿಹಾಕಲಿಲ್ಲ. ಹಸ್ತಪ್ರತಿಯ ಇತಿಹಾಸ ಕೆದಕಿದರು, ಸಂಸ್ಕೃತ ಬಲ್ಲವರಿಂದ ಭಾಷೆಯ ಕಾಲ ತಿಳಿದುಕೊಂಡರು, ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ಅಳತೆಗಳನ್ನು ವಾಯುಯಾನ ಶಾಸ್ತ್ರದ ಲೆಕ್ಕಕ್ಕೆ ಹಾಕಿದರು. ಪಠ್ಯ 1904ಕ್ಕಿಂತ ಹಳೆಯದಲ್ಲ, ನಾಲ್ಕರಲ್ಲಿ ಒಂದೂ ಹಾರಲಾರದು ಎಂದು ತೀರ್ಮಾನಿಸಿದರು. ದೋಷವನ್ನು ಶಾಸ್ತ್ರಿಗಳ ಮೇಲೆ ಹೊರಿಸದೆ, ಹಸ್ತಪ್ರತಿಯ ಇತಿಹಾಸವನ್ನು ಮರೆಮಾಡಿ ಅಚ್ಚು ಮಾಡಿಸಿದವರ ಮೇಲೆ ಹೊರಿಸಿದರು. ಈ ಐವರಲ್ಲಿ ನಾಗೇಂದ್ರ ಅವರು ಮುಂದೆ ಯೋಗವನ್ನೇ ಬದುಕಾಗಿಸಿಕೊಂಡು ಯೋಗ ವಿಶ್ವವಿದ್ಯಾಲಯ ಕಟ್ಟಿದವರು. ಪರಂಪರೆಯ ಮೇಲಿನ ಪ್ರೀತಿಯೂ ಪುರಾವೆ ಕೇಳುವ ಕಟ್ಟುನಿಟ್ಟೂ ಒಬ್ಬರಲ್ಲೇ ಇರಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹಾಗಿದ್ದೂ 2015ರ ಜನವರಿಯಲ್ಲಿ ಮುಂಬೈನ ಭಾರತೀಯ ವಿಜ್ಞಾನ ಸಮ್ಮೇಳನದ ಗೋಷ್ಠಿಯಲ್ಲಿ ಅದೇ ಪುಸ್ತಕದ ವಿಮಾನಗಳ ಬಗ್ಗೆ ಪ್ರಬಂಧ ಮಂಡನೆಯಾಯಿತು. ಒಮ್ಮೆ ಬರೆದು ಸುಮ್ಮನಾದರೆ ಸಾಲದು. ಪ್ರತಿ ತಲೆಮಾರಿಗೂ ಅದರ ಭಾಷೆಯಲ್ಲಿ ಮತ್ತೆ ಹೇಳಬೇಕಾಗುತ್ತದೆ.

ಹುಸಿ ಹೆಸರಿನಿಂದ ಆಗುವ ನಷ್ಟ ಬರಿಯ ಸುಳ್ಳಿನದಲ್ಲ. ಸ್ವಾಮೀಜಿಯ ‘ಊರ್ಧ್ವತಿರ್ಯಕ್’ ಗುಣಾಕಾರವನ್ನೇ ತೆಗೆದುಕೊಳ್ಳಿ: ಬಿಡಿಗೆ ಬಿಡಿ, ಹತ್ತಕ್ಕೆ ಹತ್ತು ನೇರವಾಗಿ, ಬಿಡಿ ಹತ್ತುಗಳನ್ನು ಅಡ್ಡಡ್ಡ ಗುಣಿಸಿ ಕೂಡಿಸುವ ಕ್ರಮ. ಗಣೇಶ ದೈವಜ್ಞ 1545ರಲ್ಲಿ ಲೀಲಾವತಿಗೆ ಬರೆದ ‘ಬುದ್ಧಿವಿಲಾಸಿನೀ’ ಟೀಕೆಯಲ್ಲಿ ಇದು ‘ತತ್ಸ್ಥ’ ಗುಣನ ಎಂಬ ಹೆಸರಿನಲ್ಲಿ ವಿವರವಾಗಿದೆ. ಅಡ್ಡ ಗುಣಿಸುವುದಕ್ಕೆ ಅವನು ‘ವಜ್ರಾಭ್ಯಾಸ’ ಎನ್ನುತ್ತಾನೆ. ದತ್ತ ಮತ್ತು ಸಿಂಗರು ಇದನ್ನು 1935ರಲ್ಲೇ ಬರೆದಿಟ್ಟಿದ್ದಾರೆ. ಎಲ್ಲವನ್ನೂ ವೇದದ ಖಾತೆಗೆ ಬರೆದುಬಿಟ್ಟರೆ ಗಣೇಶ ದೈವಜ್ಞನ ಹೆಸರು ಮಕ್ಕಳ ಕಿವಿಗೆ ಬೀಳುವುದೇ ಇಲ್ಲ. ಆರ್ಯಭಟ, ಬ್ರಹ್ಮಗುಪ್ತ, ಶ್ರೀಧರ, ಭಾಸ್ಕರ ಒಬ್ಬರು ಇನ್ನೊಬ್ಬರನ್ನು ತಿದ್ದುತ್ತ, ಖಂಡಿಸುತ್ತ, ಮೀರುತ್ತ ಬೆಳೆಸಿದ ಸಾವಿರ ವರ್ಷದ ಕೆಲಸ ಕಣ್ಮರೆಯಾಗುತ್ತದೆ.

ಕನ್ನಡಿಗರಿಗಂತೂ ಇದು ಮನೆಯ ಆಸ್ತಿಯ ಪ್ರಶ್ನೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಗುಣಾಕಾರ ಕಲಿಸುವಾಗ ಅವನು ಉತ್ತರ ಹಾರದಂತೆ ಪೋಣಿಸಿಕೊಂಡು ಬರುವ ಲೆಕ್ಕಗಳನ್ನು ಕೊಡುತ್ತಾನೆ: 27994681ನ್ನು 441ರಿಂದ ಗುಣಿಸಿದರೆ 12345654321, 142857143ನ್ನು 7ರಿಂದ ಗುಣಿಸಿದರೆ 1000000001. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಹನ್ನೊಂದು ಶತಮಾನಗಳ ಹಿಂದಿನ ನಮ್ಮವನೊಬ್ಬ ಮಕ್ಕಳಿಗೆ ಗಣಿತ ರುಚಿಸಲಿ ಎಂದು ಅಂಥ ಲೆಕ್ಕ ಹೆಣೆದ ಎಂದು ತರಗತಿಯಲ್ಲಿ ಹೇಳಿದರೆ ಸಾಕು, ಹೆಮ್ಮೆಗೆ ಬೇರೆ ಕಟ್ಟುಕಥೆ ಬೇಕಾಗುವುದಿಲ್ಲ.

ಆದ್ದರಿಂದ ಮೇಷ್ಟ್ರುಗಳಲ್ಲಿ, ಪೋಷಕರಲ್ಲಿ ಒಂದು ವಿನಂತಿ. ಚುರುಕು ಲೆಕ್ಕ ಕಲಿಸುವುದಾದರೆ ಧಾರಾಳವಾಗಿ ಕಲಿಸಿ, ಅದು ಭಾರತೀಕೃಷ್ಣ ತೀರ್ಥರು ಇಪ್ಪತ್ತನೆಯ ಶತಮಾನದಲ್ಲಿ ಕಂಡುಕೊಂಡದ್ದು ಎಂದು ಹೇಳಿ ಕಲಿಸಿ. ಅದರಿಂದ ಅವರ ಪ್ರತಿಭೆಗೂ ನ್ಯಾಯ ಸಲ್ಲುತ್ತದೆ. ವೇದಕಾಲದ ಗಣಿತ ಬೇಕು ಎನ್ನುವ ಮಗುವಿನ ಕೈಗೆ ಹಗ್ಗ, ಎರಡು ಗೂಟ ಕೊಟ್ಟು ಅಂಗಳದಲ್ಲಿ ಬೌಧಾಯನನ ಚೌಕ ಹಾಕಿಸಿ. ಮಹಾವೀರಾಚಾರ್ಯನ ಗ್ರಂಥವನ್ನು ಮೈಸೂರಿನ ಪದ್ಮಾವತಮ್ಮನವರು ಕನ್ನಡ ಅನುವಾದದೊಂದಿಗೆ ಸಂಪಾದಿಸಿದ್ದಾರೆ. ಹೊಂಬುಜದ ಸಿದ್ಧಾಂತಕೀರ್ತಿ ಗ್ರಂಥಮಾಲೆ 2000ದಲ್ಲಿ ಅದನ್ನು ಪ್ರಕಟಿಸಿದೆ. ನಿಮ್ಮ ಶಾಲೆಯ ಗ್ರಂಥಾಲಯಕ್ಕೆ ಒಂದು ಪ್ರತಿ ತರಿಸಿ.